‘ವರ್ಚುಓಸೊ’ ಎಂದರೆ ಯಾರು? ಆ ಪದ ಎಲ್ಲಿಂದ ಬಂತು?

ಪ್ರಶ್ನೆ: ವೀಣಾವಾದಕಿಯೊಬ್ಬರ ಕಛೇರಿಯ ಬಗ್ಗೆ ಇಂಗ್ಲಿಷ್ ಪತ್ರಿಕೆಯಲ್ಲಿ ಬಂದ ವಿಮರ್ಶೆಯೊಂದು ಅವರನ್ನು ‘ವರ್ಚುಓಸೊ’ ಎಂದು ಹೊಗಳಿತ್ತು. ಆ ಪದದ ಮೂಲದಲ್ಲಿ ‘ಗಂಡಸು’ ಎಂಬ ಅರ್ಥವಿದೆ, ಹೆಂಗಸರಿಗೆ ಅದನ್ನು ಬಳಸುವುದು ತಪ್ಪು ಎಂದು ನನ್ನ ಗೆಳತಿ ಹೇಳುತ್ತಾಳೆ. ‘ವರ್ಚೂ’ ಎಂದರೆ ಸದ್ಗುಣವಲ್ಲವೇ, ಸದ್ಗುಣಕ್ಕೂ ವಾದ್ಯ ನುಡಿಸುವ ಚಾತುರ್ಯಕ್ಕೂ ಏನು ನಂಟು ಎಂಬುದು ನನ್ನ ಸಂದೇಹ. ಪದದ ಅರ್ಥವನ್ನೂ ಮೂಲವನ್ನೂ ವಿವರಿಸಿ, ಕನ್ನಡದಲ್ಲಿ ಏನೆನ್ನಬಹುದು ಎಂದು ತಿಳಿಸುವಿರಾ?

ಉತ್ತರ: ಇಂದಿನ ಅರ್ಥವನ್ನು ಮೊದಲು ಹೇಳಿ, ಆಮೇಲೆ ಮೂಲಕ್ಕೆ ಹೋಗುತ್ತೇನೆ. ಈಗಿನ ಇಂಗ್ಲಿಷಿನಲ್ಲಿ ‘ವರ್ಚುಓಸೊ’ ಎಂದರೆ ಒಂದು ಕಲೆಯ, ಅದರಲ್ಲೂ ಹೆಚ್ಚಾಗಿ ಸಂಗೀತದ, ಪ್ರಯೋಗದಲ್ಲಿ ಅಸಾಧಾರಣವಾದ ಕೌಶಲವನ್ನು ಸಾಧಿಸಿದವರು. ಇಲ್ಲಿ ‘ಪ್ರಯೋಗ’ ಎಂಬ ಮಾತಿಗೆ ಒತ್ತು ಕೊಟ್ಟು ಓದಬೇಕು. ಸಂಗೀತಶಾಸ್ತ್ರವನ್ನು ಅರೆದು ಕುಡಿದವರಾಗಲಿ, ಒಳ್ಳೆಯ ಕೃತಿಗಳನ್ನು ರಚಿಸಿದವರಾಗಲಿ ಆ ಕಾರಣಕ್ಕಾಗಿಯೇ ವರ್ಚುಓಸೊ ಎನಿಸಿಕೊಳ್ಳುವುದಿಲ್ಲ. ಕೇಳುಗರ ಎದುರಿಗೆ ಕುಳಿತು, ಉಳಿದ ಒಳ್ಳೆಯ ಕಲಾವಿದರಿಗೂ ಎಟುಕದ್ದನ್ನು ನಿರಾಯಾಸವಾಗಿ ನುಡಿಸಿ ತೋರಿಸಬಲ್ಲವರಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಗೆಳತಿಯ ಮಾತಿನಲ್ಲಿ ಅರ್ಧ ಸತ್ಯವಿದೆ: ಪದದ ಬೇರಿನಲ್ಲಿ ಗಂಡಸು ಇರುವುದು ನಿಜ, ಆದ್ದರಿಂದ ಹೆಂಗಸರಿಗೆ ಬಳಸಬಾರದು ಎಂಬ ತೀರ್ಮಾನ ಸರಿಯಲ್ಲ. ನಿಮ್ಮ ಸಂದೇಹವಂತೂ ಸರಿಯಾದ ಜಾಗವನ್ನೇ ಮುಟ್ಟಿದೆ. ‘ವರ್ಚೂ’ ಮತ್ತು ‘ವರ್ಚುಓಸೊ’ ಒಂದೇ ತಾಯಿಯ ಮಕ್ಕಳು, ಬೇರೆ ಬೇರೆ ಮನೆಗಳಲ್ಲಿ ಬೆಳೆದವು.

ಆ ತಾಯಿ ಲ್ಯಾಟಿನ್ನಿನ ‘ವಿರ್ತುಸ್’. ಅದು ‘ವಿರ್’, ಅಂದರೆ ಗಂಡಸು, ಎಂಬ ನಾಮಪದಕ್ಕೆ ಭಾವವಾಚಕ ಪ್ರತ್ಯಯ ಸೇರಿ ಆದದ್ದು. ಮುದುಕ ಎಂಬರ್ಥದ ‘ಸೆನೆಕ್ಸ್’ನಿಂದ ಮುಪ್ಪು ಎಂಬರ್ಥದ ‘ಸೆನೆಕ್ತುಸ್’ ಆದದ್ದು ಇದೇ ಕ್ರಮದಲ್ಲಿ. ‘ವಿರ್’ ನಮಗೆ ದೂರದ ಪದವೇನಲ್ಲ. ಸಂಸ್ಕೃತದ ‘ವೀರ’ ಅದರ ಒಡಹುಟ್ಟು. ಇವೆರಡೂ ಇಂಡೋ-ಯೂರೋಪಿಯನ್ ಮೂಲಭಾಷೆಯ ಒಂದೇ ಶಬ್ದದಿಂದ ಕವಲೊಡೆದವು ಎಂಬುದರಲ್ಲಿ ಭಾಷಾವಿಜ್ಞಾನಿಗಳಿಗೆ ಅನುಮಾನವಿಲ್ಲ. ಲಿಥುವೇನಿಯದ ಭಾಷೆಯಲ್ಲಿ ಗಂಡಸಿಗೆ ಇಂದಿಗೂ ‘ವೀರಸ್’ ಎನ್ನುತ್ತಾರೆ. ಹಳೆಯ ಇಂಗ್ಲಿಷಿನಲ್ಲಿದ್ದ ‘ವೆರ್’ ಎಂಬ ರೂಪ ತಾನಾಗಿ ಉಳಿಯಲಿಲ್ಲ, ಆದರೆ ತೋಳವಾಗಿ ಮಾರ್ಪಡುವ ಮನುಷ್ಯನನ್ನು ಹೇಳುವ ‘ವೇರ್‌ವುಲ್ಫ್’ ಎಂಬ ಸಮಾಸದಲ್ಲಿ ಅಡಗಿದೆ. ‘ಮನುಷ್ಯನ ಕಾಲ’ ಎಂಬರ್ಥದ ಹಳೆಯ ಸಮಾಸವೊಂದು ಸವೆದು ‘ವರ್ಲ್ಡ್’ ಆದಾಗ ಅಲ್ಲಿಯೂ ಸೇರಿಕೊಂಡಿದೆ. ಕನ್ನಡವು ‘ವೀರ’ವನ್ನು ಸಂಸ್ಕೃತದಿಂದ ಪಡೆದುಕೊಂಡಿದ್ದರಿಂದ, ವೀರಗಲ್ಲಿನ ಮೊದಲ ಅರ್ಧಕ್ಕೂ ನಿಮ್ಮ ವಿಮರ್ಶಕರ ಹೊಗಳಿಕೆಗೂ ಬಹಳ ಹಿಂದಿನ ರಕ್ತಸಂಬಂಧವಿದೆ ಎನ್ನಬಹುದು.

ರೋಮನ್ನರಿಗೆ ‘ವಿರ್ತುಸ್’ ಮೊದಲು ರಣರಂಗದ ಗುಣ. ರೋಮಿನ ವಾಗ್ಮಿ, ರಾಜಕಾರಣಿ ಸಿಸೆರೊ ಕ್ರಿ.ಪೂ. 45ರಲ್ಲಿ ಬರೆದ ತಾತ್ವಿಕ ಸಂವಾದವೊಂದರಲ್ಲಿ ಈ ವ್ಯುತ್ಪತ್ತಿಯನ್ನು ತಾನೇ ಹೇಳುತ್ತಾನೆ: ‘ವಿರ್ತುಸ್’ ಎಂಬ ಹೆಸರು ‘ವಿರ್’ನಿಂದ ಬಂದಿದೆ, ಗಂಡಸಿಗೆ ಎಲ್ಲಕ್ಕಿಂತ ಒಪ್ಪುವ ಗುಣ ಧೈರ್ಯ ಎಂದು. ನಿಮ್ಮ ಗೆಳತಿಯ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಸಿಗಲಾರದು. ಆದರೆ ಇದೇ ಸಿಸೆರೊ, ಅದಕ್ಕೂ ಹದಿಮೂರು ವರ್ಷ ಮೊದಲು, ಗಡೀಪಾರಾಗಿ ರೋಮಿನಿಂದ ದೂರವಿದ್ದಾಗ ಹೆಂಡತಿ ತೆರೆಂತಿಯಾಳಿಗೆ ಬರೆದ ಪತ್ರದಲ್ಲಿ, ನಿನ್ನ ‘ವಿರ್ತುಸ್’ ಮತ್ತು ಧೈರ್ಯ ನಂಬಲಾರದಷ್ಟು ದೊಡ್ಡದೆಂದು ಎಲ್ಲರ ಬಾಯಲ್ಲೂ ಕೇಳುತ್ತಿದ್ದೇನೆ, ಮನಸ್ಸಿಗಾಗಲಿ ದೇಹಕ್ಕಾಗಲಿ ಎಷ್ಟು ಶ್ರಮವಾದರೂ ನೀನು ದಣಿಯುವುದಿಲ್ಲವಂತೆ, ಎಂದು ಬರೆದಿದ್ದಾನೆ. ಪದವು ‘ಗಂಡಸು’ ಎಂಬುದರಿಂದ ಹುಟ್ಟಿತೆಂದು ವಿವರಿಸಿದವನೇ ಅದನ್ನು ಯಾವ ಮುಜುಗರವೂ ಇಲ್ಲದೆ ಒಬ್ಬ ಹೆಂಗಸಿಗೆ ಬಳಸಿದ್ದಾನೆ. ಇನ್ನೊಂದು ಸಂಗತಿಯೆಂದರೆ, ರೋಮನ್ನರು ಈ ಗುಣವನ್ನು ದೇವತೆಯಾಗಿ ಪೂಜಿಸಿದಾಗ, ವ್ಯಾಕರಣದಲ್ಲಿ ಪದವು ಸ್ತ್ರೀಲಿಂಗದ್ದಾದ ಕಾರಣ, ಶಿರಸ್ತ್ರಾಣ ಧರಿಸಿ ಆಯುಧ ಹಿಡಿದ ಹೆಣ್ಣಿನ ರೂಪದಲ್ಲಿಯೇ ಕಂಡರು.

ಧೈರ್ಯದಿಂದ ಸದ್ಗುಣಕ್ಕೆ ಪದ ಹೇಗೆ ದಾಟಿತು ಎಂಬುದನ್ನು ಕನ್ನಡ ಓದುಗರಿಗೆ ವಿವರಿಸುವುದು ಸುಲಭ, ಏಕೆಂದರೆ ನಮ್ಮ ‘ವೀರ’ವೂ ಅದೇ ದಾರಿಯನ್ನು ಹಿಡಿದಿದೆ. ಋಗ್ವೇದದಲ್ಲಿ ‘ವೀರ’ ಎಂದರೆ ಗಟ್ಟಿಯಾದ ಗಂಡಾಳು, ಯೋಧ, ಕೆಲವೆಡೆ ಗಂಡುಮಗ. ಮುಂದೆ ಅಲಂಕಾರಶಾಸ್ತ್ರವು ವೀರರಸವನ್ನು ಯುದ್ಧವೀರಕ್ಕೆ ಮಾತ್ರ ಸೀಮಿತಗೊಳಿಸದೆ ದಾನವೀರ, ಧರ್ಮವೀರ, ದಯಾವೀರ ಎಂದು ವಿಸ್ತರಿಸಿತು. ಕತ್ತಿ ಹಿಡಿಯದೆ ಬರಿಗೈಯಲ್ಲಿ ಕೊಡುವವನೂ ಮರುಗುವವನೂ ವೀರನಾದರು. ‘ವಿರ್ತುಸ್’ ಕೂಡ ಹಾಗೆಯೇ. ಗ್ರೀಕರ ‘ಅರೆತೆ’, ಅಂದರೆ ಯಾವುದೇ ವಸ್ತು ಅಥವಾ ವ್ಯಕ್ತಿ ತನ್ನ ಕೆಲಸವನ್ನು ಅತ್ಯುತ್ತಮವಾಗಿ ಮಾಡುವ ಗುಣ, ಎಂಬ ತತ್ತ್ವಶಾಸ್ತ್ರದ ಪದಕ್ಕೆ ಲ್ಯಾಟಿನ್ ಲೇಖಕರು ‘ವಿರ್ತುಸ್’ ಎಂಬುದನ್ನೇ ಸಾಟಿಯಾಗಿ ಬಳಸಿದಾಗ ಅದು ನ್ಯಾಯ, ಸಂಯಮ, ವಿವೇಕಗಳನ್ನೂ ಒಳಗೊಂಡಿತು. ಕ್ರೈಸ್ತ ಚಿಂತಕರು ಶ್ರದ್ಧೆ, ಭರವಸೆ, ಪ್ರೀತಿಗಳನ್ನು ಅದರ ಜೊತೆಗೆ ಸೇರಿಸಿದರು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬರುವ ಹೊತ್ತಿಗೆ ‘ವರ್ಚೂ’ ಬಹುಮಟ್ಟಿಗೆ ನೀತಿಯ ಮಾತಾಗಿತ್ತು.

ಬಹುಮಟ್ಟಿಗೆ ಎಂದೆ, ಪೂರ್ತಿಯಾಗಿ ಅಲ್ಲ. ‘ಶಕ್ತಿ’, ‘ಸಾಮರ್ಥ್ಯ’ ಎಂಬ ಹಳೆಯ ಅರ್ಥ ಒಂದು ಮೂಲೆಯಲ್ಲಿ ಉಳಿದಿತ್ತು, ಇಂದಿಗೂ ಉಳಿದಿದೆ. ನಿಕೊಲಸ್ ಕಲ್‌ಪೆಪರ್ 1652ರಲ್ಲಿ ಇಂಗ್ಲೆಂಡಿನ ಔಷಧಿ ಸಸ್ಯಗಳ ಬಗ್ಗೆ ಬರೆದ ಗ್ರಂಥದಲ್ಲಿ ಗಿಡಗಳ ‘ವರ್ಚೂ’ಗಳನ್ನು ಒಂದೊಂದಾಗಿ ವಿವರಿಸುತ್ತಾನೆ; ಅಲ್ಲಿ ಅದರ ಅರ್ಥ ಸದ್ಗುಣವಲ್ಲ, ರೋಗವನ್ನು ಗುಣಪಡಿಸುವ ಶಕ್ತಿ. ಇದನ್ನು ಓದಿದಾಗಲೆಲ್ಲ ನನಗೆ ಆಯುರ್ವೇದದ ‘ವೀರ್ಯ’ ನೆನಪಾಗುತ್ತದೆ. ಮೂಲಿಕೆಯೊಂದು ಶೀತವೀರ್ಯ, ಇನ್ನೊಂದು ಉಷ್ಣವೀರ್ಯ ಎನ್ನುವಾಗ ನಾವು ಹೇಳುವುದೂ ದ್ರವ್ಯದ ಒಳಗಿರುವ ಶಕ್ತಿಯನ್ನೇ. ‘ವೀರ’ದಿಂದ ‘ವೀರ್ಯ’, ‘ವಿರ್’ನಿಂದ ‘ವಿರ್ತುಸ್’: ಒಂದನ್ನೊಂದು ನೋಡದೆ, ಸಾವಿರಾರು ಮೈಲಿ ದೂರದಲ್ಲಿ, ಎರಡು ಭಾಷೆಗಳು ಗಂಡಸುತನದಿಂದ ಮೂಲಿಕೆಯ ಸತ್ತ್ವದವರೆಗೆ ಒಂದೇ ಬಗೆಯಲ್ಲಿ ನಡೆದಿವೆ. ‘ವರ್ಚುಓಸೊ’ ಅರ್ಥವಾಗಬೇಕಾದರೆ ಈ ಎಳೆಯನ್ನು ಕೈಬಿಡಬಾರದು. ಇಂಗ್ಲಿಷಿನ ‘ವರ್ಚೂ’ ನೀತಿಯ ಕಡೆಗೆ ವಾಲಿತು. ‘ವರ್ಚುಓಸೊ’ ಶಕ್ತಿಯ, ಸತ್ತ್ವದ ಕಡೆಯಿಂದ ಬಂದದ್ದು.

ಅದು ಬಂದದ್ದು ಇಟಲಿಯಿಂದ. ಉತ್ತರಕಾಲೀನ ಲ್ಯಾಟಿನ್ನಿನಲ್ಲಿ ‘ವಿರ್ತುಓಸುಸ್’ ಎಂಬ ವಿಶೇಷಣ ಹುಟ್ಟಿತ್ತು. ಅದೇ ಫ್ರೆಂಚಿನ ದಾರಿಯಲ್ಲಿ ಇಂಗ್ಲಿಷಿಗೆ ಬಂದು ‘ಸದ್ಗುಣಿ’ ಎಂಬರ್ಥದ ‘ವರ್ಚುಅಸ್’ ಆಯಿತು, ಇಟಲಿಯಲ್ಲಿ ‘ವಿರ್ತುಓಸೊ’ ಆಯಿತು. ಮಾತಿನ ಅರ್ಥ ಇಟಲಿಯಲ್ಲಿ ಬೇರೆಯೇ ತಿರುವು ಪಡೆಯಿತು. ನವೋದಯ (ರೆನೆಸಾನ್ಸ್) ಕಾಲದ ಇಟಾಲಿಯನ್ನರಿಗೆ ‘ವಿರ್ತೂ’ ಎಂದರೆ ಮನುಷ್ಯ ತನ್ನ ಬುದ್ಧಿ, ಛಲ, ಕೌಶಲಗಳಿಂದ ಲೋಕದ ಮೇಲೆ ತನ್ನ ಮುದ್ರೆಯನ್ನು ಒತ್ತುವ ಸಾಮರ್ಥ್ಯ. ಫ್ಲಾರೆನ್ಸಿನ ರಾಜನೀತಿಜ್ಞ ಮ್ಯಾಕಿಯವೆಲ್ಲಿ 1513ರಲ್ಲಿ ಬರೆದ ರಾಜನೀತಿಯ ಗ್ರಂಥದಲ್ಲಿ ಅರಸನಿಗೆ ಬೇಕಾದದ್ದೆಂದು ಹೇಳುವ ‘ವಿರ್ತೂ’ವನ್ನು ಯಾರಾದರೂ ‘ಸದ್ಗುಣ’ ಎಂದು ಅನುವಾದಿಸಿದರೆ ಆ ಪುಸ್ತಕವೇ ತಲೆಕೆಳಗಾಗುತ್ತದೆ. ವಿಧಿಯ ಎದುರು ನಿಲ್ಲುವ ದಕ್ಷತೆ ಎಂಬುದು ಅದರ ಸಮೀಪದ ಅರ್ಥ. ಈ ‘ವಿರ್ತೂ’ ಉಳ್ಳವನೇ ‘ವಿರ್ತುಓಸೊ’. ಅವನು ಕವಿಯಾಗಿರಬಹುದು, ಶಿಲ್ಪಿಯಾಗಿರಬಹುದು, ಗಣಿತಜ್ಞನಾಗಿರಬಹುದು. ಸಂಗೀತಗಾರನೇ ಆಗಬೇಕೆಂಬ ನಿಯಮವಿರಲಿಲ್ಲ. ಹಿಂದೆ ದೇಗುಲವಾಗಿದ್ದು ಮುಂದೆ ಚರ್ಚಾದ ರೋಮಿನ ಪ್ಯಾಂಥಿಯನ್ನಿನಲ್ಲಿ 1542ರಲ್ಲಿ ಕಲಾವಿದರ ಧಾರ್ಮಿಕ ಸಂಘವೊಂದು ಆರಂಭವಾಯಿತು. ಚಿತ್ರಕಾರರು, ಶಿಲ್ಪಿಗಳು, ವಾಸ್ತುಶಿಲ್ಪಿಗಳು ಸೇರಿದ್ದ ಆ ಸಂಘ ಇಂದಿಗೂ ‘ಪ್ಯಾಂಥಿಯನ್ನಿನ ವಿರ್ತುಓಸಿ’ ಎಂಬ ಹೆಸರನ್ನೇ ಉಳಿಸಿಕೊಂಡಿದೆ. ‘ವಿರ್ತುಓಸಿ’ ಎಂಬುದು ಇಟಾಲಿಯನ್ನಿನ ಬಹುವಚನ. ಇಂಗ್ಲಿಷಿನಲ್ಲಿ ‘ವರ್ಚುಓಸಿ’, ‘ವರ್ಚುಓಸೋಸ್’ ಎರಡನ್ನೂ ಬಳಸುತ್ತಾರೆ, ಎರಡೂ ಸರಿ.

ಇಂಗ್ಲೆಂಡಿಗೆ ಈ ಪದವನ್ನು ಹೊತ್ತು ತಂದವರು 17ನೇ ಶತಮಾನದಲ್ಲಿ ಇಟಲಿಯ ಪ್ರವಾಸ ಮಾಡಿಬಂದ ಶ್ರೀಮಂತರು ಮತ್ತು ಅವರ ರುಚಿಯನ್ನು ತಿದ್ದುತ್ತಿದ್ದ ಲೇಖಕರು. ಕುಲೀನರ ಶಿಕ್ಷಣದ ಬಗ್ಗೆ ಹೆನ್ರಿ ಪೀಚಮ್ ಬರೆದ ಗ್ರಂಥದ 1634ರ ಆವೃತ್ತಿಯಲ್ಲಿ, ಪ್ರಾಚೀನ ಶಿಲ್ಪ, ನಾಣ್ಯ, ಶಾಸನಗಳಲ್ಲಿ ಪರಿಣತರಾದವರನ್ನು ಇಟಾಲಿಯನ್ನರು ‘ವರ್ಚುಓಸಿ’ ಎನ್ನುತ್ತಾರೆ ಎಂಬ ವಿವರಣೆಯಿದೆ. ಹಾಗೆ ಇಂಗ್ಲಿಷಿನ ಮೊದಲ ವರ್ಚುಓಸೊ ಒಬ್ಬ ಸಂಗ್ರಾಹಕ, ಕುತೂಹಲಿ, ರಸಜ್ಞ. ಅವನ ಮನೆಯ ಕಪಾಟಿನಲ್ಲಿ ಹಳೆಯ ರೋಮನ್ ನಾಣ್ಯದ ಪಕ್ಕದಲ್ಲಿಯೇ ಹವಳ, ಶಂಖ, ಒಣಗಿಸಿದ ಜೀವಿಗಳು ಇರುತ್ತಿದ್ದವು. ಕಲಾವಸ್ತುಗಳ ಹರಾಜಿನವರು ಸೊಗಸಾದ ಹಳೆಯ ಕುಸುರಿ ವಸ್ತುಗಳನ್ನು ಇಂದಿಗೂ ‘ಆಬ್ಜೆಕ್ಟ್ಸ್ ಆಫ್ ವರ್ಟು’ ಎನ್ನುವುದು ಆ ಕಾಲದ ಉಳಿಕೆ. ಅದನ್ನು ನೀತಿಗೆ ಸಂಬಂಧಿಸಿದ ವಸ್ತುಗಳೆಂದು ತಿಳಿಯಬಾರದು.

ನಾಣ್ಯ ಮತ್ತು ಶಂಖಗಳ ಕುತೂಹಲದಿಂದ ಪ್ರಕೃತಿಯ ಅಧ್ಯಯನಕ್ಕೆ ಒಂದೇ ಹೆಜ್ಜೆ. ಲಂಡನ್ನಿನಲ್ಲಿ 1660ರಲ್ಲಿ ಸ್ಥಾಪನೆಯಾದ ರಾಯಲ್ ಸೊಸೈಟಿಯ ಸದಸ್ಯರು ತಮ್ಮನ್ನು ಹೆಮ್ಮೆಯಿಂದ ‘ವರ್ಚುಓಸಿ’ ಎಂದುಕೊಂಡರು. ಅನಿಲಗಳ ಒತ್ತಡ ಮತ್ತು ಗಾತ್ರದ ನಿಯಮಕ್ಕಾಗಿ ನಾವು ಶಾಲೆಯಲ್ಲಿ ನೆನಪಿಡುವ ರಾಬರ್ಟ್ ಬಾಯ್ಲ್ 1690ರಲ್ಲಿ ಪ್ರಕಟಿಸಿದ ಪುಸ್ತಕದ ಶೀರ್ಷಿಕೆಯನ್ನು ಕನ್ನಡದಲ್ಲಿ ಹೇಳುವುದಾದರೆ ‘ಕ್ರೈಸ್ತ ವರ್ಚುಓಸೊ’; ಪ್ರಯೋಗಗಳಲ್ಲಿ ತೊಡಗಿದವನು ಒಳ್ಳೆಯ ಕ್ರೈಸ್ತನಾಗಿರಲು ಅಡ್ಡಿಯಿಲ್ಲ, ಅದು ಅವನಿಗೆ ನೆರವೇ ಆಗುತ್ತದೆ ಎಂಬುದು ಅದರ ವಾದ. ‘ವಿಜ್ಞಾನಿ’ ಎಂಬರ್ಥದ ‘ಸೈಂಟಿಸ್ಟ್’ ಪದ ಇಂಗ್ಲಿಷಿನಲ್ಲಿ ಹುಟ್ಟಿದ್ದು 1830ರ ದಶಕದಲ್ಲಿ. ಅದಿಲ್ಲದ ಕಾಲದಲ್ಲಿ ‘ವರ್ಚುಓಸೊ’ ಆ ಜಾಗವನ್ನೂ ಕೆಲಮಟ್ಟಿಗೆ ತುಂಬುತ್ತಿತ್ತು ಎಂಬುದನ್ನು ನೆನಪಿಟ್ಟರೆ 17ನೇ ಶತಮಾನದ ಬರಹಗಳನ್ನು ತಪ್ಪಾಗಿ ಓದುವುದು ತಪ್ಪುತ್ತದೆ.

ಹೆಮ್ಮೆಯ ಬೆನ್ನಿಗೇ ಅಪಹಾಸ್ಯವೂ ಬಂತು. ಥಾಮಸ್ ಶ್ಯಾಡ್‌ವೆಲ್ 1676ರಲ್ಲಿ ‘ವರ್ಚುಓಸೊ’ ಎಂಬ ಹೆಸರಿನಲ್ಲಿಯೇ ಒಂದು ಪ್ರಹಸನವನ್ನು ರಂಗಕ್ಕೆ ತಂದ. ಅದರ ನಾಯಕ ಸರ್ ನಿಕೊಲಸ್ ಗಿಮ್‌ಕ್ರ್ಯಾಕ್ ಮೇಜಿನ ಮೇಲೆ ಬೋರಲಾಗಿ ಮಲಗಿ, ನೀರಿನ ಬೋಗುಣಿಯಲ್ಲಿರುವ ಕಪ್ಪೆಯನ್ನು ನೋಡಿಕೊಂಡು ಕೈಕಾಲು ಬಡಿಯುತ್ತ ಈಜು ಕಲಿಯುತ್ತಾನೆ. ನೀರಿಗೆ ಇಳಿದಿದ್ದೀರಾ ಎಂದು ಕೇಳಿದರೆ, ಈಜಿನ ತಾತ್ವಿಕ ಭಾಗವಷ್ಟೇ ತನಗೆ ಸಾಕು, ಪ್ರಾಯೋಗಿಕ ಭಾಗದ ಗೊಡವೆ ತನಗಿಲ್ಲ ಎನ್ನುತ್ತಾನೆ. ರಾಯಲ್ ಸೊಸೈಟಿಯ ಪ್ರಯೋಗಗಳ ಉಸ್ತುವಾರಿ ಹೊತ್ತಿದ್ದ ರಾಬರ್ಟ್ ಹುಕ್ ಆ ನಾಟಕವನ್ನು ನೋಡಲು ಹೋಗಿದ್ದ. ಜನ ತನ್ನತ್ತ ಬೆರಳು ತೋರಿಸುವುದೊಂದು ಬಾಕಿ ಎಂದು ಅವನು ನೊಂದು ದಿನಚರಿಯಲ್ಲಿ ಬರೆದುಕೊಂಡ. ಸೂಕ್ಷ್ಮದರ್ಶಕದಲ್ಲಿ ಕಂಡ ಚಿಗಟದ ಚಿತ್ರವನ್ನು ಅಷ್ಟು ನಿಖರವಾಗಿ ಬರೆದು, ಸಸ್ಯದ ‘ಕೋಶ’ಕ್ಕೆ ಹೆಸರು ಕೊಟ್ಟ ಮನುಷ್ಯನಿಗೆ ಆ ಅವಮಾನ ಸಲ್ಲತಕ್ಕದ್ದಾಗಿರಲಿಲ್ಲ. ಆದರೆ ನಾಟಕದ ಪೆಟ್ಟು ಪದಕ್ಕೆ ಬಿತ್ತು. ಮುಂದಿನ ಕೆಲವು ದಶಕ ಇಂಗ್ಲಿಷಿನಲ್ಲಿ ‘ವರ್ಚುಓಸೊ’ ಎಂದರೆ ಕೆಲಸಕ್ಕೆ ಬಾರದ ವಸ್ತುಗಳ ಬಗ್ಗೆ ಅತಿಯಾದ ಪಾಂಡಿತ್ಯ ಉಳ್ಳವನು ಎಂಬ ಛಾಯೆ ಅಂಟಿಕೊಂಡಿತು.

ಇಲ್ಲಿ ಒಂದು ಕ್ಷಣ ನಿಂತು ನೋಡಬೇಕು. 1676ರ ವರ್ಚುಓಸೊ ಈಜಿನ ಸಿದ್ಧಾಂತ ತಿಳಿದು ನೀರಿಗೆ ಇಳಿಯದವನು. ಇಂದಿನ ವರ್ಚುಓಸೊ ಸಿದ್ಧಾಂತ ತಿಳಿದಿರಲಿ ಬಿಡಲಿ, ನೀರಿನಲ್ಲಿ ಎಲ್ಲರನ್ನೂ ಮೀರಿಸುವವನು. ಅರ್ಥ ಹೀಗೆ ಪೂರ್ತಿ ತಿರುಗಿ ನಿಲ್ಲುವುದು ಪದಗಳ ಚರಿತ್ರೆಯಲ್ಲಿ ಅಪರೂಪ. ಸ್ಯಾಮ್ಯುಯೆಲ್ ಜಾನ್ಸನ್ನನ 1755ರ ಪ್ರಸಿದ್ಧ ನಿಘಂಟು ಕೂಡ ‘ವರ್ಚುಓಸೊ’ಗೆ ಪುರಾತನ ಅಥವಾ ನೈಸರ್ಗಿಕ ಅಪೂರ್ವ ವಸ್ತುಗಳಲ್ಲಿ ಪರಿಣತನಾದವನು, ಚಿತ್ರ, ಶಿಲ್ಪ, ವಾಸ್ತುಗಳಲ್ಲಿ ಆಸಕ್ತನಾದವನು ಎಂದೇ ಅರ್ಥ ಕೊಡುತ್ತದೆ, ಸಂಗೀತದ ಹೆಸರೆತ್ತುವುದಿಲ್ಲ.

ತಿರುವು ಆದದ್ದು ಯೂರೋಪಿನ ಸಂಗೀತಲೋಕದಲ್ಲಿ, ಅದೂ ನಿಧಾನವಾಗಿ. ಅಲ್ಲಿಯೂ ಮೊದಲ ಹಂತದಲ್ಲಿ ‘ವಿರ್ತುಓಸೊ’ ಎಂದರೆ ಬರಿಯ ವಾದಕನಲ್ಲ, ಶಾಸ್ತ್ರ ಮತ್ತು ರಚನೆಗಳನ್ನು ಬಲ್ಲ ವಿದ್ವಾಂಸ. ಬಾಖ್‌ಗಿಂತ ಮೊದಲು ಲೈಪ್‌ಸಿಗ್‌ನಲ್ಲಿ ಅದೇ ಚರ್ಚ್ ಸಂಗೀತ ನಿರ್ದೇಶಕನ ಹುದ್ದೆಯಲ್ಲಿದ್ದ ಯೋಹಾನ್ ಕುನಾವ್, ಕೈಚಳಕವನ್ನು ಮಾತ್ರ ಬಂಡವಾಳ ಮಾಡಿಕೊಂಡವರಿಗೆ ಈ ಹೆಸರು ಸಲ್ಲದು ಎಂದು 1700ರಲ್ಲಿ ಪ್ರಕಟವಾದ ತನ್ನ ಕಥನದಲ್ಲಿ ವಾದಿಸಿದ್ದಾನೆ. ಹ್ಯಾಂಬರ್ಗಿನ ಯೋಹಾನ್ ಮ್ಯಾಟೆಸನ್ 1720ರ ಹೊತ್ತಿಗೆ ಹಳೆಯ ‘ಶಾಸ್ತ್ರದ ವರ್ಚುಓಸೊ’ಗಳ ಜೊತೆಗೆ ‘ಪ್ರಯೋಗದ ವರ್ಚುಓಸೊ’ಗಳೂ ಇದ್ದಾರೆಂದು ಒಪ್ಪಿಕೊಳ್ಳುತ್ತಾನೆ. ಈ ಎರಡನೆಯ ಬಗೆಯವರೇ ಮುಂದೆ ಹೆಸರನ್ನು ತಮ್ಮದಾಗಿಸಿಕೊಂಡರು. ಆ ಶತಮಾನದ ಕೊನೆಯ ವೇಳೆಗೆ, ಹಣ ಕೊಟ್ಟು ಕೇಳಲು ಬರುವ ಸಾರ್ವಜನಿಕರಿಗಾಗಿ ಕಛೇರಿ ನಡೆಸುವ ಪದ್ಧತಿ ಬೆಳೆದಂತೆಲ್ಲ, ಏಕಾಂಗಿಯಾಗಿ ನುಡಿಸುವ ಅಥವಾ ಹಾಡುವ ಮಹಾಕುಶಲಿಗೆ ‘ವರ್ಚುಓಸೊ’ ಎನ್ನುವುದು ರೂಢಿಯಾಯಿತು.

ಈ ಅರ್ಥಕ್ಕೆ ಮುಖ ಕೊಟ್ಟವರು 19ನೇ ಶತಮಾನದ ಇಬ್ಬರು. ಜಿನೋವದ ಪಿಟೀಲುವಾದಕ ನಿಕೊಲೊ ಪಗನೀನಿ (1782–1840) ಒಂದೇ ತಂತಿಯ ಮೇಲೆ ಇಡೀ ಕೃತಿಯನ್ನು ನುಡಿಸುತ್ತಿದ್ದ, ಬಿಲ್ಲು ಹಿಡಿಯದ ಎಡಗೈಯಿಂದಲೇ ತಂತಿಗಳನ್ನು ಮೀಟುತ್ತಿದ್ದ. ಅವನ ಕೌಶಲಕ್ಕೆ ಸೈತಾನನ ನೆರವಿದೆ ಎಂಬ ವದಂತಿ ಎಷ್ಟು ಹಬ್ಬಿತ್ತೆಂದರೆ, ಸಾಯುವ ಮುನ್ನ ಪಾದ್ರಿ ನೀಡುವ ಕೊನೆಯ ಸಂಸ್ಕಾರವನ್ನು ಸ್ವೀಕರಿಸದೆ ಅವನು ಸತ್ತಾಗ ನೀಸ್ ನಗರದ ಬಿಷಪ್ಪರು ಪವಿತ್ರ ಭೂಮಿಯಲ್ಲಿ ಹೂಳಲು ಅವಕಾಶ ಕೊಡಲಿಲ್ಲ. ಪ್ಯಾರಿಸಿನಲ್ಲಿ 1832ರಲ್ಲಿ ಅವನನ್ನು ಕೇಳಿದ ಇಪ್ಪತ್ತರ ಹರೆಯದ ಫ್ರಾನ್ಸ್ ಲಿಸ್ಟ್, ಪಿಟೀಲಿನಲ್ಲಿ ಪಗನೀನಿ ಸಾಧಿಸಿದ್ದನ್ನು ಪಿಯಾನೊದಲ್ಲಿ ಸಾಧಿಸುವ ಹಟ ತೊಟ್ಟ. ಬೆರಳಿನ ವ್ಯಾಯಾಮಕ್ಕೇ ದಿನಕ್ಕೆ ನಾಲ್ಕೈದು ಗಂಟೆ ಮೀಸಲಿಟ್ಟಿದ್ದೇನೆ ಎಂದು ಅವನು ಆ ವರ್ಷ ಪತ್ರವೊಂದರಲ್ಲಿ ಬರೆದಿದ್ದಾನೆ. ಅವನ ಕಛೇರಿಗಳಲ್ಲಿ ಬರ್ಲಿನ್ ಮತ್ತು ಪ್ಯಾರಿಸಿನ ಕೇಳುಗರು ಉನ್ಮತ್ತರಾದದ್ದನ್ನು ಕಂಡು ಕವಿ ಹೈನೆ 1844ರಲ್ಲಿ ಅದಕ್ಕೆ ‘ಲಿಸ್ಟೊಮೇನಿಯ’ ಎಂಬ ಹೆಸರಿಟ್ಟ.

ಅದೇ ಹೊತ್ತಿನಲ್ಲಿ ಪದದ ಮೇಲೆ ಎರಡನೆಯ ಬಾರಿ ಸಂಶಯ ಕವಿಯಿತು. ಬೆರಳುಗಳ ಬೆರಗು ಸಂಗೀತವನ್ನು ನುಂಗಿಹಾಕುತ್ತಿದೆ ಎಂದು ಜರ್ಮನ್ ಸಂಗೀತ ರಚನಕಾರ ಶೂಮನ್ ತನ್ನ ಪತ್ರಿಕೆಯಲ್ಲಿ ಬರೆದ. ಇನ್ನೊಬ್ಬ ಜರ್ಮನ್ ರಚನಕಾರ ವ್ಯಾಗ್ನರ್ 1840ರಲ್ಲಿ ವರ್ಚುಓಸೊ ಮತ್ತು ಕಲಾವಿದ ಎಂಬ ಎರಡು ಮಾತುಗಳನ್ನು ಎದುರುಬದುರು ನಿಲ್ಲಿಸಿ ಲೇಖನ ಬರೆದ. ಇಂದಿಗೂ ಇಂಗ್ಲಿಷ್ ವಿಮರ್ಶೆಯಲ್ಲಿ ‘ಬರಿಯ ವರ್ಚುಓಸಿಟಿ’ ಎಂದರೆ ತೆಗಳಿಕೆ. ಈ ಚರ್ಚೆಯಲ್ಲಿ ನನಗೆ ಹೆಚ್ಚು ತೂಕದ್ದೆನಿಸುವುದು ಹೊರಗಿನವರ ಮಾತಲ್ಲ, ಲಿಸ್ಟನದೇ ಮಾತು. ಪಗನೀನಿ ತೀರಿಕೊಂಡಾಗ ಬರೆದ ಲೇಖನದಲ್ಲಿ ಅವನು, ಮುಂದಿನ ಕಾಲದ ಕಲಾವಿದನು ತನ್ನ ಗುರಿಯನ್ನು ಹೊರಗೆ ಹುಡುಕದೆ ಒಳಗೆ ಇಟ್ಟುಕೊಳ್ಳಲಿ, ವರ್ಚುಓಸಿಟಿ ಅವನಿಗೆ ಸಾಧನವಾಗಲಿ, ಎಂದಿಗೂ ಗುರಿಯಾಗದಿರಲಿ ಎಂದು ಹಾರೈಸಿದ್ದಾನೆ. ಏಳು ವರ್ಷಗಳ ಬಳಿಕ, 1847ರಲ್ಲಿ, ಇನ್ನೂ ಮೂವತ್ತೈದರ ಪ್ರಾಯದಲ್ಲಿ, ಯೂರೋಪಿನ ಅತ್ಯಂತ ಪ್ರಸಿದ್ಧ ಪಿಯಾನೊವಾದಕನಾಗಿದ್ದಾಗಲೇ ಹಣಕ್ಕಾಗಿ ಕಛೇರಿ ಮಾಡುವುದನ್ನು ಅವನು ನಿಲ್ಲಿಸಿ ರಚನೆ ಮತ್ತು ಬೋಧನೆಗೆ ತಿರುಗಿದ. ಬರೆದಂತೆ ನಡೆದವನ ಮಾತಾದ್ದರಿಂದ ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಈಗ ಹೆಂಗಸರಿಗೆ ಬಳಸಬಹುದೇ ಎಂಬ ಪ್ರಶ್ನೆಗೆ ಬರೋಣ. ಬಳಕೆಯ ಚರಿತ್ರೆ ಸ್ಪಷ್ಟವಾಗಿದೆ. ವೆನಿಸ್ಸಿನ ಗಾಯಕಿ, ವಾಗ್ಗೇಯಕಾರ್ತಿ ಬಾರ್ಬರಾ ಸ್ಟ್ರೊಟ್ಸಿಯನ್ನು 1630ರ ದಶಕದಲ್ಲೇ ‘ವಿರ್ತುಓಸಿಸ್ಸಿಮ’, ಅಂದರೆ ಪರಮ ವಿರ್ತುಓಸ ಗಾಯಕಿ, ಎಂದು ಹೊಗಳಲಾಗಿದೆ. ಕ್ಲಾರಾ ವೀಕ್, ಮುಂದೆ ಕ್ಲಾರಾ ಶೂಮನ್ ಎಂದು ಹೆಸರಾದ ಪಿಯಾನೊವಾದಕಿ, ಹದಿನೆಂಟರ ವಯಸ್ಸಿನಲ್ಲಿ, 1838ರಲ್ಲಿ, ಆಸ್ಟ್ರಿಯದ ಚಕ್ರವರ್ತಿಯಿಂದ ಆಸ್ಥಾನ ವರ್ಚುಓಸೊ ಎಂಬ ಅಧಿಕೃತ ಬಿರುದನ್ನೇ ಪಡೆದಳು. ಇಟಾಲಿಯನ್ ಭಾಷೆಯಲ್ಲಿ ವಿಶೇಷಣಗಳಿಗೆ ಲಿಂಗಭೇದವಿರುವುದರಿಂದ ಹೆಂಗಸಿಗೆ ‘ವಿರ್ತುಓಸ’ ಎನ್ನುತ್ತಾರೆ. ಇಂಗ್ಲಿಷಿಗೆ ಆ ವ್ಯವಸ್ಥೆಯಿಲ್ಲದ ಕಾರಣ ‘ವರ್ಚುಓಸೊ’ ಎಂಬ ಒಂದೇ ರೂಪ ಇಬ್ಬರಿಗೂ ನಡೆಯುತ್ತದೆ. ನೀವು ಓದಿದ ವಿಮರ್ಶೆಯ ಪ್ರಯೋಗ ಶುದ್ಧವಾಗಿಯೇ ಇದೆ.

ಗೆಳತಿಯ ಆಕ್ಷೇಪದ ಹಿಂದಿರುವ ತತ್ತ್ವ, ಮೂಲದ ಅರ್ಥವೇ ಪದದ ನಿಜವಾದ ಅರ್ಥ ಎಂಬ ನಂಬಿಕೆ, ನಮ್ಮ ಅಲಂಕಾರಿಕರು ಬಹು ಹಿಂದೆ ಚರ್ಚಿಸಿದ ವಿಷಯ, ಅದೂ ಕೌಶಲವನ್ನು ಹೇಳುವ ಪದವನ್ನೇ ಉದಾಹರಣೆಯಾಗಿ ಇಟ್ಟುಕೊಂಡು. ಕಾಶ್ಮೀರದ ಮಮ್ಮಟ ‘ಕುಶಲ’ ಎಂಬುದಕ್ಕೆ ದರ್ಭೆಯನ್ನು, ಅಂದರೆ ಕುಶವನ್ನು, ಆರಿಸಿ ತರುವವನು ಎಂಬುದು ಮೂಲಾರ್ಥ, ‘ನಿಪುಣ’ ಎಂಬುದು ರೂಢಿಯಿಂದ ಬಂದ ಲಕ್ಷಣಾರ್ಥ, ಅಂದರೆ ಮೂಲಾರ್ಥ ಹೊಂದದಾಗ ಅದರ ಸಂಬಂಧದಿಂದ ಹೊಳೆಯುವ ಅರ್ಥ, ಎಂದ. ಕಳಿಂಗದ ವಿಶ್ವನಾಥ, 14ನೇ ಶತಮಾನದಲ್ಲಿ, ಇದನ್ನು ಒಪ್ಪಲಿಲ್ಲ. ಶಬ್ದ ಹುಟ್ಟಲು ಕಾರಣವಾದದ್ದು ಬೇರೆ, ಶಬ್ದ ಬಳಕೆಯಾಗಲು ಕಾರಣವಾದದ್ದು ಬೇರೆ. ಹಾಗಲ್ಲವಾದರೆ ‘ಹೋಗು’ ಎಂಬ ಧಾತುವಿನಿಂದ ಹುಟ್ಟಿದ ‘ಗೋ’ ಶಬ್ದವನ್ನು ಮಲಗಿರುವ ಹಸುವಿಗೆ ಹೇಳುವುದೂ ಲಕ್ಷಣೆಯೇ ಆಗಬೇಕಾಗುತ್ತದೆ ಎಂದು ಅವನು ಉತ್ತರಿಸಿದ. ಈ ವಿಚಾರದಲ್ಲಿ ನಾನು ವಿಶ್ವನಾಥನ ಕಡೆ. ‘ವರ್ಚುಓಸೊ’ ಹುಟ್ಟಲು ಗಂಡಸು ಕಾರಣನಾಗಿರಬಹುದು. ಬಳಕೆಯಾಗಲು ಕಾರಣ ಕೌಶಲ.

ನೆರೆಯ ಪದಗಳಿಂದ ಇದನ್ನು ಬೇರ್ಪಡಿಸಿ ನೋಡುವುದು ಒಳ್ಳೆಯದು. ‘ಎಕ್ಸ್‌ಪರ್ಟ್’ ಅನುಭವದಿಂದ ಪಳಗಿದವರು. ಅವರ ಪರಿಣತಿಗೆ ಪ್ರೇಕ್ಷಕರು ಬೇಕಿಲ್ಲ. ‘ಜೀನಿಯಸ್’ ಹೊಸದನ್ನು ಸೃಷ್ಟಿಸುವ ಪ್ರತಿಭೆಯ ಮಾತು. ‘ಪ್ರಾಡಿಜಿ’ ಎಂಬುದರಲ್ಲಿ ಎಳೆಯ ವಯಸ್ಸು ಮುಖ್ಯ. ‘ವರ್ಚುಓಸೊ’ದಲ್ಲಿ ದೀರ್ಘ ಸಾಧನೆ, ಅದರ ಫಲವಾದ ನಿರಾಯಾಸತೆ, ಅದಕ್ಕೆ ಸಾಕ್ಷಿಯಾಗುವ ಸಭೆ, ಈ ಮೂರೂ ಇರುತ್ತವೆ. ಸಂಗೀತದ ಹೊರಗೆ, ಅಡುಗೆ, ಚದುರಂಗ, ಕ್ರಿಕೆಟ್ಟುಗಳಿಗೂ ಪದ ಹಬ್ಬಿದೆ. ಸಮಾಜವಿಜ್ಞಾನಿ ಮ್ಯಾಕ್ಸ್ ವೇಬರ್ ಕಠಿಣ ಸಾಧನೆಯಲ್ಲಿ ತೊಡಗಿದ ಸನ್ಯಾಸಿಗಳನ್ನು ಸಾಮಾನ್ಯ ಭಕ್ತರಿಂದ ಬೇರ್ಪಡಿಸಲು ‘ಧಾರ್ಮಿಕ ವರ್ಚುಓಸೊ’ ಎಂಬ ಪರಿಭಾಷೆಯನ್ನು ಬಳಸಿದ್ದಾನೆ. ಎಲ್ಲ ಕಡೆಯೂ ಎಲ್ಲರಿಗೂ ಎಟುಕದ ಸಾಧನೆ ಎಂಬ ತಿರುಳು ಉಳಿದಿದೆ.

ಕನ್ನಡದಲ್ಲಿ ಇದಕ್ಕೆ ಒಂದೇ ಪದವನ್ನು ಕಟ್ಟಿಕೊಡುವುದು ಬೇಡ. ಸಂದರ್ಭ ನೋಡಿ ಆರಿಸಬೇಕು. ನಮ್ಮಲ್ಲಿ ಸಂಗೀತಗಾರರಿಗೆ ಸಲ್ಲುವ ‘ವಿದ್ವಾನ್’, ‘ವಿದುಷಿ’ ಎಂಬ ಗೌರವಗಳು ‘ತಿಳಿ’ ಎಂಬರ್ಥದ ಧಾತುವಿನಿಂದ ಬಂದವು. ಕುನಾವ್ ಬಯಸಿದ ಶಾಸ್ತ್ರಜ್ಞಾನ ಅವುಗಳಲ್ಲಿದೆ, ಇಂದಿನ ‘ವರ್ಚುಓಸೊ’ ಹೇಳುವ ಪ್ರಯೋಗದ ಬೆರಗು ಅಷ್ಟಾಗಿ ಇಲ್ಲ. ಕೈಯ ಪಳಗುವಿಕೆಯನ್ನೇ ಹೇಳಬೇಕಾದಲ್ಲಿ ‘ಸಿದ್ಧಹಸ್ತ’ ಚೆನ್ನಾಗಿ ಹೊಂದುತ್ತದೆ. ಆಡುಮಾತಿನಲ್ಲಿ ‘ಎತ್ತಿದ ಕೈ’ ಎನ್ನುತ್ತೇವಲ್ಲ, ಅದೂ ಸೊಗಸಾದ ಮಾತೇ, ಕಛೇರಿಯ ವಿಮರ್ಶೆಗೆ ಸ್ವಲ್ಪ ಸಲಿಗೆಯದಾಗುತ್ತದೆ. ‘ಕೈಚಳಕ’ವನ್ನು ಎಚ್ಚರದಿಂದ ಬಳಸಬೇಕು, ಜಾದೂಗಾರನಿಗೂ ಜೇಬುಗಳ್ಳನಿಗೂ ನಾವು ಅದನ್ನೇ ಹೇಳುವುದರಿಂದ, ‘ಬರಿಯ ವರ್ಚುಓಸಿಟಿ’ ಎಂಬ ತೆಗಳಿಕೆಗೆ ಅದು ಹೆಚ್ಚು ಸರಿಹೊಂದುತ್ತದೆ. ಹಳೆಯ ಮೈಸೂರಿನ ಪದ್ಧತಿಯಲ್ಲಿ ಹೊಗಳಿಕೆಗೆ ವಾದ್ಯದ ಹೆಸರನ್ನೇ ಸೇರಿಸಿ ಹೇಳುತ್ತಿದ್ದರು. ಆಸ್ಥಾನ ವಿದ್ವಾಂಸರಾಗಿದ್ದ ಶೇಷಣ್ಣನವರು (1852–1926) ‘ವೈಣಿಕ ಶಿಖಾಮಣಿ’ ಎಂದೇ ಪ್ರಸಿದ್ಧರು.

ವೀಣಾವಾದಕಿಗಾದರೆ ನಾನು ‘ಪ್ರವೀಣೆ’ ಎಂಬುದನ್ನು ಆರಿಸುತ್ತೇನೆ. ವೀಣೆಯಲ್ಲಿ ಮಿಗಿಲಾದವನು ಎಂಬುದು ‘ಪ್ರವೀಣ’ಕ್ಕೆ ಸಂಪ್ರದಾಯ ಹೇಳುವ ವ್ಯುತ್ಪತ್ತಿ. ಅದು ವೀಣೆಯಿಂದ ಹೊರಟು ಗಣಿತಪ್ರವೀಣ, ವ್ಯವಹಾರಪ್ರವೀಣ ಎಂದು ಎಲ್ಲ ಕೌಶಲಗಳಿಗೂ ಹರಡಿತು. ‘ವರ್ಚುಓಸೊ’ ಎಲ್ಲ ಸಾಮರ್ಥ್ಯಗಳಿಂದ ಹೊರಟು ಸಂಗೀತದಲ್ಲಿ ಬಂದು ನೆಲೆಸಿತು. ಹೊಗಳಿಕೆಯ ಪದ ಯಾವುದೇ ಆಗಿರಲಿ, ಅದರ ಜೊತೆಗೆ ಕಲಾವಿದೆ ಮಾಡಿದ್ದೇನು ಎಂಬುದನ್ನೂ ವಿಮರ್ಶಕರು ಬರೆಯಬೇಕು: ತಾನ ನುಡಿಸುವಾಗ ಮೀಟು ಎಷ್ಟು ಖಚಿತವಾಗಿತ್ತು, ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಎಳೆದು ಎಷ್ಟು ಸ್ವರಗಳನ್ನು ಗಮಕದಲ್ಲಿ ತೋರಿಸಿದರು, ವೇಗ ಹೆಚ್ಚಿದಾಗಲೂ ರಾಗದ ಸ್ವರೂಪ ಕದಡಲಿಲ್ಲವೇ ಎಂಬುದನ್ನು. ಆ ವಿವರಗಳಿದ್ದರೆ ‘ವರ್ಚುಓಸೊ’ ಎಂಬ ಪದವನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಉಳಿಸಿಕೊಂಡರೂ ಓದುಗರಿಗೆ ಅರ್ಥವಾಗುತ್ತದೆ.